ಬಿಲ್ಲಿನಲ್ಲಿ ಟೆಕ್ನಿಷಿಯನ್, ಶೀಟಿನಲ್ಲಿ ಹೆಲ್ಪರ್

ಕಳೆದ ತಿಂಗಳು ಈ ಪುಟದಲ್ಲಿ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ವ್ಯತ್ಯಾಸ ಬರೆದಿದ್ದೆವು. ಅದಕ್ಕೆ ಬಂದ ಫೋನುಗಳಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ: "ಊರಿನ ಹಳೇ ಎಸ್‌ಬಿ ಖಾತೆಯನ್ನು ಹಾಗೇ ಇಟ್ಕೊಂಡ್ರೆ ಏನಾಗ್ತದೆ?" ಹಾಗೇ ಇಟ್ಟುಕೊಳ್ಳಬಾರದು, ಬ್ಯಾಂಕಿಗೆ ಹೇಳಿ ಎನ್‌ಆರ್‌ಒ ಮಾಡಿಸಿಕೊಳ್ಳಿ ಅಂತ ಮತ್ತೊಮ್ಮೆ ಹೇಳಿ ಮುಂದೆ ಹೋಗುತ್ತೇವೆ. ಯಾಕೆಂದರೆ ಆ ಫೋನುಗಳ ನಡುವೆ ಬ್ಯಾಂಕಿಗೆ ಸಂಬಂಧವೇ ಇಲ್ಲದ ಒಂದು ಫೋನು ಬಂದಿತ್ತು. ಈ ತಿಂಗಳು ಪೂರ್ತಿ ನಮ್ಮ ತಲೆಯಲ್ಲಿ ಅದೇ ಕೂತಿದೆ.

ಫೋನು ಮಾಡಿದವರು ಬಂಟ್ವಾಳದ ಕಡೆಯವರು. ನಮ್ಮ ಕಂಪನಿಯಲ್ಲೇ ಹದಿನೈದು ವರ್ಷ ಎ.ಸಿ. ಕೆಲಸ ಮಾಡಿ ಹೋದ ವರ್ಷ ಬಿಟ್ಟವರು. "ಅಣ್ಣ, ಮಗ ಎಸ್ಸೆಸ್ಸೆಲ್ಸಿ ಪಾಸಾದ. ಅವನಿಗೆ ನೀವು ಸ್ವಲ್ಪ ಬುದ್ಧಿ ಹೇಳ್ಬೇಕು" ಅಂದರು. ಎಂತ ವಿಷಯ ಅಂತ ಕೇಳಿದರೆ, ಹುಡುಗನಿಗೆ ಐಟಿಐ ಸೇರಿ ಎ.ಸಿ., ಫ್ರಿಜ್ಜಿನ ಕೆಲಸ ಕಲಿಯುವ ಆಸೆಯಂತೆ. ಅಪ್ಪನಿಗೆ ಅವನು ಕಾಮರ್ಸ್ ತೆಗೆದುಕೊಂಡು ಬಿ.ಕಾಂ. ಮಾಡಬೇಕು. "ನಿಮ್ಮ ಹಾಗೆ ಎ.ಸಿ. ಇರುವ ರೂಮಿನ ಒಳಗೆ ಕೂತು ಕೆಲಸ ಮಾಡ್ಲಿ ಅಣ್ಣ. ನನ್ನ ಹಾಗೆ ಟೆರೇಸಿನ ಮೇಲೆ, ಅದೇ ಎ.ಸಿ.ಯ ಹಿಂದೆ ಬೇಡ."

ಇಲ್ಲಿಯ ಜೂನ್ ತಿಂಗಳಲ್ಲಿ ಟೆರೇಸು ಅಂದರೆ ಏನು ಅಂತ ಓದುಗರಿಗೆ ವಿವರಿಸಬೇಕಾಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ದುಡಿಸಬಾರದು ಅಂತ ಕಾನೂನೇನೋ ಉಂಟು. ಆದರೆ ಮನೆಯ ಎ.ಸಿ. ನಿಂತುಹೋದವರ ಫೋನಿಗೆ ಆ ಕಾನೂನು ಗೊತ್ತಿಲ್ಲ.

ಭಾನುವಾರ ಅವರು ರೂಮಿಗೆ ಬಂದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಮಗನ ಮಾರ್ಕ್ಸ್ ಕಾರ್ಡ್ ತಂದಿದ್ದಾರೆ ಅಂದುಕೊಂಡೆವು. ಇದ್ದದ್ದು ಅವರದೇ ಕಾಗದಗಳು. ಬೇರೊಂದು ಕಂಪನಿಯಲ್ಲಿ ಎ.ಸಿ. ಟೆಕ್ನಿಷಿಯನ್ ಕೆಲಸಕ್ಕೆ ಇಂಟರ್‌ವ್ಯೂ ಆಗಿತ್ತಂತೆ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದಾರೆ. ಕೊನೆಗೆ ಎಚ್‌ಆರ್‌ನವರು ಸರ್ಟಿಫಿಕೇಟ್ ಕೇಳಿದ್ದಾರೆ. ಇಲ್ಲ. ಹಳೆಯ ಲೇಬರ್ ಕಾರ್ಡು ತೋರಿಸಿದರೆ ಅದರಲ್ಲಿ "ಹೆಲ್ಪರ್" ಅಂತ ಉಂಟು. ನಮ್ಮ ಕಂಪನಿ ಕೊಟ್ಟ ಅನುಭವದ ಪತ್ರದಲ್ಲೂ "ಹೆಲ್ಪರ್". "ಹೆಲ್ಪರ್ ಸಂಬಳಕ್ಕಾದರೆ ನಾಳೆಯೇ ಬನ್ನಿ" ಅಂದರಂತೆ. ಮಗನಿಗೆ ಬುದ್ಧಿ ಹೇಳಿ ಅನ್ನುವ ಮಾತು ಎಲ್ಲಿಂದ ಹುಟ್ಟಿತು ಅಂತ ನಮಗೆ ಆಗ ಅರ್ಥವಾಯಿತು.

ಈಗ ನಮ್ಮ ಕಡೆಯ ಸಂಗತಿಯನ್ನೂ ಬರೆಯಬೇಕು, ಬರೆಯದಿದ್ದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ. ಕಂಪನಿಯಿಂದ ಗಿರಾಕಿಗಳಿಗೆ ಹೋಗುವ ಬಿಲ್ಲಿನಲ್ಲಿ ಈ ಮನುಷ್ಯ "ಎ.ಸಿ. ಟೆಕ್ನಿಷಿಯನ್". ಗಂಟೆಗೆ ಇಷ್ಟು ಅಂತ ಟೆಕ್ನಿಷಿಯನ್ ರೇಟು. ತಿಂಗಳ ಕೊನೆಯ ಸಂಬಳದ ಶೀಟಿನಲ್ಲಿ ಅದೇ ಮನುಷ್ಯ "ಹೆಲ್ಪರ್". ಬಿಲ್ಲು ತಯಾರು ಮಾಡಿದ್ದು ನಾವು. ಶೀಟು ತಯಾರು ಮಾಡಿದ್ದೂ ನಾವು. ಎರಡೂ ಒಂದೇ ಕಂಪ್ಯೂಟರಿನಲ್ಲಿ, ಒಂದೊಂದು ಸಲ ಒಂದೇ ದಿನ. ವರ್ಷಗಟ್ಟಲೆ ಇದು ಕಣ್ಣಿಗೆ ಬೀಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಿದ್ದಿತ್ತು. "ನಮಗೆ ಸಂಬಂಧಿಸಿದ್ದಲ್ಲ, ಅದು ಆಡಳಿತದ ವಿಷಯ" ಅಂತ ಪಕ್ಕಕ್ಕೆ ಇಟ್ಟಿದ್ದೆವು.

ಅವರು ಕೆಲಸ ಕಲಿತದ್ದನ್ನು ನಾವು ಕಣ್ಣಾರೆ ನೋಡಿದವರು. 2009ರಲ್ಲಿ ಬಂದಾಗ ನಿಜವಾಗಿಯೂ ಹೆಲ್ಪರೇ. ಏಣಿ ಹಿಡಿಯುವುದು, ಗ್ಯಾಸ್ ಸಿಲಿಂಡರ್ ಹೊರುವುದು, ಫಿಲ್ಟರ್ ತೊಳೆಯುವುದು. ನಾಲ್ಕನೇ ವರ್ಷಕ್ಕೆ ಒಬ್ಬರೇ ಹೋಗುತ್ತಿದ್ದರು. ಎಂಟನೇ ವರ್ಷಕ್ಕೆ ಹೊಸ ಹುಡುಗರನ್ನು ಅವರ ಜತೆಯೇ ಕಳಿಸುತ್ತಿದ್ದರು. ನಮ್ಮ ಆಫೀಸಿನ ಎ.ಸಿ. ಒಮ್ಮೆ ಕೈಕೊಟ್ಟಾಗ ಪೈಪಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. "ಗ್ಯಾಸು ಜಾಸ್ತಿ ಆಗಿರ್ಬೇಕು" ಅಂತ ನಾವು ನಮ್ಮ ಪಾಂಡಿತ್ಯ ತೋರಿಸಿದೆವು. ಅವರು ನಕ್ಕು ಜತೆಗಿದ್ದ ಹುಡುಗನಿಗೆ ಹೇಳಿದರು: "ಐಸು ಕಟ್ಟಿದ್ರೆ ಮೊದಲು ಫಿಲ್ಟರ್ ನೋಡು, ಗಾಳಿ ಹೋಗ್ತದಾ ಅಂತ. ಆಮೇಲೆ ಫ್ಯಾನು. ಅದೂ ಸರಿ ಇದ್ರೆ ಗೇಜ್ ಹಾಕು, ಗ್ಯಾಸು ಕಮ್ಮಿ ಆಗಿರ್ತದೆ. ಬಂದ ಕೂಡ್ಲೇ ಗ್ಯಾಸಿಗೆ ಕೈ ಹಾಕುವವ ಮೆಕ್ಯಾನಿಕ್ ಅಲ್ಲ, ಗ್ಯಾಸ್ ವ್ಯಾಪಾರಿ." ಫಿಲ್ಟರ್ ತೆಗೆದರೆ ಧೂಳು ಕಂಬಳಿಯ ಹಾಗೆ ಹಿಡಿದಿತ್ತು. ಹತ್ತು ನಿಮಿಷದ ಕೆಲಸ, ಒಂದು ದಿರ್ಹಮ್ ಖರ್ಚಿಲ್ಲ.

ಇಂಥ ಪಾಠ ನಮಗೂ ಆಗಿದೆ. ಬಿ.ಕಾಂ. ಮುಗಿಸಿ 2003ರಲ್ಲಿ ಈ ದೇಶಕ್ಕೆ ಬಂದಾಗ ನಮಗೆ ಬ್ಯಾಂಕ್ ರಿಕನ್ಸಿಲಿಯೇಶನ್ ಬರುತ್ತದೆ ಅನ್ನುವ ಧೈರ್ಯ ಇತ್ತು, ಪರೀಕ್ಷೆಯಲ್ಲಿ ಅದೇ ಲೆಕ್ಕಕ್ಕೆ ಪೂರ್ತಿ ಮಾರ್ಕು ಬಂದಿತ್ತು. ಆದರೆ ಪರೀಕ್ಷೆಯ ಲೆಕ್ಕದಲ್ಲಿ ಬೇಕಾದ ಅಂಕಿಗಳನ್ನೆಲ್ಲ ಪ್ರಶ್ನೆಯೊಳಗೇ ಕೊಟ್ಟಿರುತ್ತಾರೆ. ಆಫೀಸಿನಲ್ಲಿ ಅಂಕಿಯನ್ನು ನಾವೇ ಹುಡುಕಬೇಕು. ಅದು ಡ್ರೈವರನ ಜೇಬಿನಲ್ಲಿ ಮುದುಡಿದ ಪೆಟ್ರೋಲ್ ರಸೀದಿಯಲ್ಲಿ ಇರಬಹುದು, ಸ್ಟೋರಿನ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಇರಬಹುದು.

ಮೊದಲ ತಿಂಗಳ ಕೊನೆಗೆ ಕ್ಯಾಶು 270 ದಿರ್ಹಮ್ ಕಮ್ಮಿ ಬಂತು. ರಾತ್ರಿ ಹತ್ತರವರೆಗೆ ಹುಡುಕಿದೆವು. ಸಂಬಳದಲ್ಲಿ ಕಟ್ ಆಗುತ್ತದೆ ಅನ್ನುವ ಹೆದರಿಕೆ ಬೇರೆ. ಆಗ ನಮ್ಮಲ್ಲಿ ವಯಸ್ಸಾದ ಕ್ಯಾಶಿಯರ್ ಒಬ್ಬರಿದ್ದರು, ಎಲ್ಲರೂ ರಾಯರು ಅನ್ನುತ್ತಿದ್ದರು. ಮಂಗಳೂರಿನ ದಿನಸಿ ಮಂಡಿಯಲ್ಲಿ ಕಿರ್ದಿ ಬರೆದು ಲೆಕ್ಕ ಕಲಿತವರು, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬಂದು ಕೇಳಿದ್ದು ಒಂದೇ ಮಾತು: "270 ಒಂಬತ್ತರಿಂದ ಭಾಗ ಹೋಗ್ತದಾ?" ಹೋಗ್ತದೆ, ಮೂವತ್ತು. "ಹಾಗಾದ್ರೆ ದುಡ್ಡು ಎಲ್ಲಿಗೂ ಹೋಗಿರ್ಲಿಕ್ಕಿಲ್ಲ. ಎಲ್ಲೋ ಅಂಕಿ ತಿರುಗಿ ಬಿದ್ದಿದೆ, ನೋಡಿ." ಐದು ನಿಮಿಷದಲ್ಲಿ ಸಿಕ್ಕಿತು. 630 ಖರ್ಚಾದ ವೋಚರನ್ನು ಪುಸ್ತಕದಲ್ಲಿ 360 ಅಂತ ಬರೆದಿದ್ದೆವು. ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. ಒಂದು ರಕಮು ಜಮಾಕ್ಕೆ ಹೋಗುವ ಬದಲು ಖರ್ಚಿಗೆ ಹೋದರೆ ವ್ಯತ್ಯಾಸ ಆ ರಕಮಿನ ಎರಡರಷ್ಟು ಬರುತ್ತದೆ, ಆದ್ದರಿಂದ ವ್ಯತ್ಯಾಸದ ಅರ್ಧ ಹುಡುಕಬೇಕು. ಇದೂ ರಾಯರು ಹೇಳಿಕೊಟ್ಟದ್ದೇ. ಯಾವುದೋ ಪಠ್ಯಪುಸ್ತಕದಲ್ಲಿ ಇದು ಇರಬಹುದು, ನಮ್ಮ ಮೂರು ವರ್ಷದ ಕ್ಲಾಸಿನಲ್ಲಂತೂ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನೆನಪಿರುತ್ತಿರಲಿಲ್ಲವೇನೋ. ಸ್ವಂತ ಸಂಬಳದ 270 ದಿರ್ಹಮ್ ಅಪಾಯದಲ್ಲಿದ್ದಾಗ ಕೇಳಿದ ಪಾಠ ಮರೆಯುವುದಿಲ್ಲ.

2018ರ ಜನವರಿ 1ಕ್ಕೆ ಇಲ್ಲಿ ಶೇಕಡಾ 5ರ ವ್ಯಾಟ್ ಬಂದಾಗ ಎಲ್ಲರೂ ಮತ್ತೆ ಹೆಲ್ಪರ್‌ಗಳೇ ಆದೆವು. ಅಲ್ಲಿಯವರೆಗೆ ಇಂಥ ತೆರಿಗೆ ಇಲ್ಲದ ದೇಶ, ಮಾಡಿ ಗೊತ್ತಿದ್ದವರು ಆಫೀಸಿನಲ್ಲಿ ಯಾರೂ ಇಲ್ಲ. ಹೋಟೆಲಿನಲ್ಲಿ ಸೆಮಿನಾರು ನಡೆಯಿತು, ಕಾಫಿ ಕುಡಿದು ಬಂದೆವು. ನಿಜವಾದ ತೊಡಕು ಬಂದದ್ದು ಡಿಸೆಂಬರ್ ಕೊನೆಯ ವಾರದ ಮಾಲಿನಲ್ಲಿ. ಡಿಸೆಂಬರಿನಲ್ಲೇ ತಲುಪಿದ ಮಾಲಿಗೆ ಜನವರಿಯಲ್ಲಿ ಬಿಲ್ಲು ಮಾಡಿದರೆ ತೆರಿಗೆ ಇಲ್ಲ. ಡಿಸೆಂಬರಿನಲ್ಲಿ ಬಿಲ್ಲಾಗಿ ಜನವರಿಯಲ್ಲಿ ತಲುಪಿದರೆ ತೆರಿಗೆ ಉಂಟು. ಯಾವ ಮಾಲು ಯಾವ ದಿನ ನಿಜವಾಗಿ ಗೇಟು ದಾಟಿತು ಅಂತ ಕಂಪ್ಯೂಟರಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಏಳನೇ ಕ್ಲಾಸು ಓದಿದ ನಮ್ಮ ಸ್ಟೋರ್‌ಕೀಪರಿಗೆ. ಡೆಲಿವರಿ ನೋಟುಗಳನ್ನೆಲ್ಲ ತಾರೀಕಿನ ಪ್ರಕಾರ ಒಂದು ತಂತಿಗೆ ಪೋಣಿಸಿ ಇಟ್ಟಿದ್ದರು. ಆ ತಂತಿಯನ್ನು ನಮ್ಮ ಮೇಜಿನ ಮೇಲೆ ತಂದಿಟ್ಟು, "ಇದರಲ್ಲಿ ಉಂಟು, ನೋಡಿಕೊಳ್ಳಿ" ಅಂದರು. ಮೊದಲನೇ ರಿಟರ್ನ್ ಸರಿಯಾಗಿ ಹೋದದ್ದು ಆ ತಂತಿಯಿಂದ. ಅದರ ಕೆಳಗೆ ಹೆಸರಿದ್ದದ್ದು ನಮ್ಮದು.

ಬೊಂಬಾಯಿಗೆ ಹೋದ ನಮ್ಮ ಹಿಂದಿನ ತಲೆಮಾರಿನವರ ಕತೆ ಮನೆ ಮನೆಯಲ್ಲೂ ಉಂಟು. ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರು, ಆಮೇಲೆ ಟೇಬಲ್ಲು, ಆಮೇಲೆ ಅಡುಗೆಮನೆ, ಕೊನೆಗೆ ಗಲ್ಲಾ. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಅವರಿಗೂ ಕೈಯಲ್ಲಿ ಕಾಗದ ಇರಲಿಲ್ಲ. ಆದರೂ ಗಲ್ಲಾದವರೆಗೆ ಬಂದರು. ಹೇಗೆ ಅಂತ ನಾವು ಯೋಚಿಸಿದ್ದುಂಟು. ಅಲ್ಲಿ ಹುಡುಗನ ಕೆಲಸ ನೋಡಿ "ಇವನಿಗೆ ಬರ್ತದೆ" ಅಂತ ತೀರ್ಮಾನ ಮಾಡುತ್ತಿದ್ದ ಧಣಿ, ಹೆಚ್ಚಿನ ಕಡೆ, ತಾನೂ ಒಂದು ಕಾಲಕ್ಕೆ ತಟ್ಟೆ ತೊಳೆದವನೇ. ಅವನಿಗೆ ಸರ್ಟಿಫಿಕೇಟ್ ಬೇಕಿರಲಿಲ್ಲ. ಇಲ್ಲಿ ನಮ್ಮನ್ನು ಅಳೆಯುವ ಎಚ್‌ಆರ್‌ನವರು ಏಣಿ ಹತ್ತಿದವರಲ್ಲ, ಗೇಜ್ ಹಿಡಿದವರಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕಾಣುವುದು ಫೈಲು ಮಾತ್ರ. ಫೈಲಿನಲ್ಲಿ ಇಲ್ಲದ್ದು ಅವರ ಮಟ್ಟಿಗೆ ಇಲ್ಲ.

ಎಷ್ಟು ಇಲ್ಲ ಅನ್ನುವುದನ್ನು ಆ ಭಾನುವಾರ ಲೆಕ್ಕ ಹಾಕಿದೆವು. ಕೆಲಸ ಬಿಟ್ಟಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಸಂಬಳದ ಮೇಲೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲೆ ವರ್ಷಕ್ಕೆ 30 ದಿನ. ಹದಿನೈದು ವರ್ಷಕ್ಕೆ 405 ದಿನ. ಹೆಲ್ಪರ್ ಆಗಿ ಅವರ ಬೇಸಿಕ್ 800, ಸಿಕ್ಕಿದ್ದು 10,800 ದಿರ್ಹಮ್. ಟೆಕ್ನಿಷಿಯನ್ ಅಂತ ಬರೆದಿದ್ದರೆ ಬೇಸಿಕ್ 1,500 ಆದರೂ ಆಗುತ್ತಿತ್ತು, ಸಿಗಬೇಕಿದ್ದದ್ದು 20,250. ವ್ಯತ್ಯಾಸ 9,450. ಇದೂ ಒಂಬತ್ತರಿಂದ ಭಾಗ ಹೋಗುತ್ತದೆ ಮಾರಾಯ್ರೆ, ಆದರೆ ಇದು ಅಂಕಿ ತಿರುಗಿ ಬಿದ್ದ ತಪ್ಪಲ್ಲ. ಪ್ರತಿ ತಿಂಗಳ ಸಂಬಳದ ವ್ಯತ್ಯಾಸ ಇದರಲ್ಲಿ ಸೇರಿಲ್ಲ. ಅದನ್ನು ಕೂಡಿಸಲಿಕ್ಕೆ ಹೊರಟಾಗ ಅವರೇ "ಬೇಡ ಅಣ್ಣ, ಬಿಡಿ" ಅಂದರು.

ಕ್ಲಾಸು ಬೇಡ, ಕೈ ಒಂದೇ ಸಾಕು ಅಂತ ವಾದ ಮಾಡುವವರು ನಾವಲ್ಲ. ಅವರೂ ಅಲ್ಲ. ಚಹಾ ಕುಡಿಯುತ್ತಾ ಒಂದು ಹಳೆಯ ತಪ್ಪು ಹೇಳಿದರು. ಅವರಿಗೆ ಕೆಲಸ ಕಲಿಸಿದ ಸೀನಿಯರ್ ಸ್ಪ್ಲಿಟ್ ಎ.ಸಿ. ಕೂರಿಸಿದ ಮೇಲೆ ವ್ಯಾಕ್ಯೂಮ್ ಪಂಪು ಹಾಕುತ್ತಲೇ ಇರಲಿಲ್ಲವಂತೆ. ಸ್ವಲ್ಪ ಗ್ಯಾಸು ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳಿದರೆ ಮುಗಿಯಿತು. ಇವರೂ ಹಾಗೇ ಕಲಿತರು, ಮೂರು ವರ್ಷ ಹಾಗೇ ಮಾಡಿದರು. ಹೊಸ ಆರ್-410ಎ ಗ್ಯಾಸಿನ ಮೆಷಿನುಗಳು ಬಂದ ಮೇಲೆ ಕಂಪ್ರೆಸರುಗಳು ಒಂದೊಂದಾಗಿ ವಾಪಸು ಬರತೊಡಗಿದವು. ಮೆಷಿನ್ ಕಂಪನಿಯವರು ಒಂದು ದಿನದ ಟ್ರೈನಿಂಗ್ ಕೊಟ್ಟಾಗಲೇ ಕಾರಣ ತಿಳಿದದ್ದು: ಈ ಮೆಷಿನಿನ ಎಣ್ಣೆ ತೇವವನ್ನು ಬೇಗ ಹೀರುತ್ತದೆ, ಒಳಗೆ ತೇವ ಉಳಿದರೆ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ವ್ಯಾಕ್ಯೂಮ್ ಎಳೆಯುವುದು ಆ ತೇವ ತೆಗೆಯಲಿಕ್ಕೆ. "ಒಂದು ದಿನ ಬೆಂಚಿನ ಮೇಲೆ ಕೂತದ್ದಕ್ಕೆ ಮೂರು ವರ್ಷದ ತಪ್ಪು ಗೊತ್ತಾಯ್ತು ಅಣ್ಣ" ಅಂದರು. ಕೈಯಿಂದ ಕೈಗೆ ಬರುವ ವಿದ್ಯೆಯಲ್ಲಿ ತಪ್ಪುಗಳೂ ಕೈಯಿಂದ ಕೈಗೇ ಬರುತ್ತವೆ. ರಾಯರೂ ನಮಗೆ ಒಂದೆರಡು ತಪ್ಪು ಕಲಿಸಿದ್ದರು, ಆಡಿಟರು ಬಂದು ಬಿಡಿಸಿದರು.

ಹಾಗಾಗಿ ಮಗನ ವಿಷಯದಲ್ಲಿ ನಮ್ಮ ಬುದ್ಧಿಮಾತು ಅಪ್ಪನಿಗೇ ಹೇಳಬೇಕಾಯಿತು. ಹುಡುಗ ಕೇಳುತ್ತಿರುವ ದಾರಿಯಲ್ಲಿ ಕೈಕೆಲಸವೂ ಉಂಟು, ಕಾಗದವೂ ಉಂಟು. ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡಿಷನಿಂಗ್ ಎರಡು ವರ್ಷದ ಟ್ರೇಡು, ಎಸ್ಸೆಸ್ಸೆಲ್ಸಿ ಆದವರಿಗೆ. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಯಾವುದಾದರೂ ಕಂಪನಿಯಲ್ಲಿ ಸ್ಟೈಪೆಂಡ್ ತೆಗೆದುಕೊಂಡು ಕಲಿಯಬಹುದು. ಅಪ್ಪ ಹದಿನೈದು ವರ್ಷದಲ್ಲಿ ಸಂಪಾದಿಸಲು ಆಗದ ಹಾಳೆ ಅವನ ಕೈಗೆ ಹದಿನೆಂಟನೇ ವಯಸ್ಸಿಗೆ ಬರುತ್ತದೆ. ಬಿ.ಕಾಂ. ಒಳ್ಳೆಯದೇ, ಅದರಿಂದಲೇ ನಾವು ಊಟ ಮಾಡುತ್ತಿದ್ದೇವೆ. ಆದರೆ ಮನಸ್ಸಿಲ್ಲದೆ ಬಿ.ಕಾಂ. ಮಾಡಿ ಬಂದ ಹುಡುಗರನ್ನು ನಾವೇ ಇಂಟರ್‌ವ್ಯೂ ಮಾಡಿದ್ದೇವೆ. ಅವರ ಕೈಯಲ್ಲಿ ಹಾಳೆ ಉಂಟು, ಬೇರೇನೂ ಇಲ್ಲ.

ಅಪ್ಪನ ಹಾಳೆಯ ವಿಷಯ ಇನ್ನೂ ಬಾಕಿ ಇತ್ತು. ಓದುಗರಲ್ಲಿ ಇಂಥ ಪಾಡು ಇರುವವರು ಕೆಲವರಾದರೂ ಇದ್ದಾರೆ, ಅವರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ. ಇಲ್ಲಿಯ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ನಂಬರಿನದು, 13ನೇ ಕಲಮಿನಲ್ಲಿ ಹೇಳುವುದೇನೆಂದರೆ, ಕೆಲಸ ಬಿಡುವವರು ಕೇಳಿದರೆ ಕಂಪನಿ ಅನುಭವದ ಪತ್ರ ಕೊಡಲೇಬೇಕು, ಹಣ ಕೇಳಬಾರದು. ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಬಿಟ್ಟ ಕಾರಣ ಅದರಲ್ಲಿ ಇರಬೇಕು. ಜತೆಗೆ ಹುದ್ದೆಯ ಹೆಸರು "ಅಥವಾ ಮಾಡುತ್ತಿದ್ದ ಕೆಲಸದ ಸ್ವರೂಪ". ಈ "ಅಥವಾ" ನಮ್ಮ ಕಣ್ಣಿಗೆ ಬಿದ್ದದ್ದು ಆ ಭಾನುವಾರವೇ. ಲೇಬರ್ ಕಾರ್ಡಿನಲ್ಲಿ ಹೆಲ್ಪರ್ ಅಂತ ಇದ್ದರೂ, ಮಾಡಿದ ಕೆಲಸ ಏನು ಅಂತ ಪತ್ರದಲ್ಲಿ ಬರೆಯಲು ಅಡ್ಡಿಯಿಲ್ಲ.

ಮಾಡಿದ ಕೆಲಸಕ್ಕೆ ಸಾಕ್ಷಿ? ಅದು ನಮ್ಮ ಬೀರುವಿನಲ್ಲೇ ಇತ್ತು. ವ್ಯಾಟ್ ನಿಯಮದ ಪ್ರಕಾರ ಬಿಲ್ಲಿನ ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಬೇಕು. ನಮ್ಮಲ್ಲಿ ಪ್ರತಿ ಬಿಲ್ಲಿನ ಹಿಂದೆ ಜಾಬ್ ಕಾರ್ಡು ಪಿನ್ ಮಾಡಿರುತ್ತದೆ. ಅದರಲ್ಲಿ ಮೆಷಿನಿನ ನಂಬರು, ದೋಷ, ಮಾಡಿದ ರಿಪೇರಿ, ಕೆಳಗೆ ಅವರ ಸಹಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾಲ್ಕು ದಿನ ಕೂತು ಒಂದೇ ವರ್ಷದ ಕಾರ್ಡುಗಳನ್ನು ಎಣಿಸಿದೆವು. 412. ಅದರಲ್ಲಿ ಕಂಪ್ರೆಸರ್ ಬದಲಿಸಿದ್ದು 31. ಆ ಪಟ್ಟಿ ಹಿಡಿದು ಮ್ಯಾನೇಜರ್ ಹತ್ತಿರ ಹೋದೆವು. ಹೋಗುವಾಗ ಎದೆ ಡವಗುಟ್ಟುತ್ತಿತ್ತು ಅಂತ ಬರೆದರೆ ನಗಬೇಡಿ. ನಮ್ಮದೂ ವೀಸಾ ನೌಕರಿಯೇ.

ಮ್ಯಾನೇಜರ್ ಕೂಗಾಡಲಿಲ್ಲ. ಪಟ್ಟಿ ನೋಡಿದರು, ಪತ್ರದ ಕರಡು ಓದಿದರು. "ಟೆಕ್ನಿಷಿಯನ್ ಆಗಿ" ಅನ್ನುವ ಮಾತು ಹೊಡೆದುಹಾಕಿದರು. "ಸ್ಪ್ಲಿಟ್ ಮತ್ತು ಪ್ಯಾಕೇಜ್ ಎ.ಸಿ.ಗಳ ಅಳವಡಿಕೆ, ಗ್ಯಾಸ್ ಚಾರ್ಜಿಂಗ್, ಕಂಪ್ರೆಸರ್ ಬದಲಾವಣೆ ಸ್ವತಂತ್ರವಾಗಿ ನಿರ್ವಹಿಸಿದ್ದಾರೆ, ಹೊಸಬರಿಗೆ ತರಬೇತಿ ನೀಡಿದ್ದಾರೆ" ಅನ್ನುವ ಸಾಲು ಉಳಿಸಿದರು. ಸಹಿ, ಸೀಲು. ಈಗ ಅದೇ ಸೆಕ್ಷನ್ನಿನಲ್ಲಿ ಹೆಲ್ಪರ್ ಅಂತಲೇ ಇರುವ ಇನ್ನೂ ನಾಲ್ವರ ಹೆಸರು ಕೊಟ್ಟಿದ್ದೇವೆ. "ರಿನ್ಯೂವಲ್ ಬಂದಾಗ ನೋಡೋಣ" ಅಂದಿದ್ದಾರೆ. ಇಬ್ಬರ ರಿನ್ಯೂವಲ್ ಅಕ್ಟೋಬರಿನಲ್ಲಿ. ತಾರೀಕು ನಮ್ಮ ಡೈರಿಯಲ್ಲಿ ಬರೆದಿಟ್ಟಿದ್ದೇವೆ.

ಕಂಪನಿಯಲ್ಲಿ ಇದ್ದಾಗಲೇ ಈ ಕೆಲಸ ಶುರು ಮಾಡುವುದು ಸುಲಭ. ಜಾಬ್ ಕಾರ್ಡಿನ ಫೋಟೋ ಕಂಪನಿಯ ಒಪ್ಪಿಗೆ ಇಲ್ಲದೆ ತೆಗೆಯಬೇಡಿ, ಅದು ಬೇರೆ ತೊಂದರೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಸಾಲು: ಇಂಥ ದಿನ, ಇಂಥ ಕೆಲಸ, ಏನು ಕೆಟ್ಟಿತ್ತು, ಹೇಗೆ ಸರಿ ಮಾಡಿದೆ. ಕನ್ನಡದಲ್ಲೇ ಬರೆಯಿರಿ. ಇಂಟರ್‌ವ್ಯೂಗೆ ಹೋಗುವಾಗ ನಾಲಿಗೆಗೆ ಧೈರ್ಯ ಬರುವುದು ಅದರಿಂದ. ಊರಿಗೆ ಹೋಗುವವರಿಗೆ ಇನ್ನೊಂದು ದಾರಿ ಉಂಟು. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕೆಲಸ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಭಾಗ ಸೇರಿತ್ತು, ಅದಕ್ಕೆ ಆರ್‌ಪಿಎಲ್ ಅನ್ನುತ್ತಾರೆ. ರಜೆಗೆ ಹೋಗುವ ಮೊದಲೇ ಮನೆಯವರಿಗೆ ಹೇಳಿ ನಿಮ್ಮ ಜಿಲ್ಲೆಯ ಕೌಶಲ್ಯ ಅಭಿವೃದ್ಧಿ ಕಚೇರಿಯಲ್ಲಿ ಈಗ ಹೇಗೆ ನಡೆಯುತ್ತಿದೆ ಅಂತ ವಿಚಾರಿಸಿಡಿ, ಮೂವತ್ತು ದಿನದ ರಜೆ ಮದುವೆ, ಗೃಹಪ್ರವೇಶಗಳಲ್ಲೇ ಕರಗಿಹೋಗುತ್ತದೆ. ಊರಿಗೇ ವಾಪಸಾಗಿ ಸ್ವಂತ ಅಂಗಡಿ ಇಡುವ ಯೋಚನೆ ಇರುವವರು ಉಜಿರೆಯ ರುಡ್‌ಸೆಟ್ ಸಂಸ್ಥೆಯ ಬಗ್ಗೆ ವಿಚಾರಿಸಿ. 1982ರಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಶುರು ಮಾಡಿದ್ದು. ಊಟ ವಸತಿ ಕೊಟ್ಟು, ಫೀಸು ಇಲ್ಲದೆ, ಕೈಯಲ್ಲಿ ಮಾಡಿಸಿಯೇ ಕಲಿಸುತ್ತಾರೆ.

ಪತ್ರ ತೆಗೆದುಕೊಂಡು ಹೋಗಲು ಅವರು ಮತ್ತೊಂದು ಭಾನುವಾರ ಬಂದರು. ಕೂತಿದ್ದಾಗಲೇ ಮಗನಿಂದ ಬೋಟಿಮ್‌ನಲ್ಲಿ ವಿಡಿಯೋ ಕಾಲ್. ಮನೆಯ ಫ್ರಿಜ್ಜು ತಣ್ಣಗಾಗುತ್ತಿಲ್ಲವಂತೆ, ಮೇಲೆ ಐಸು ಮಾತ್ರ ಗುಡ್ಡೆಯಾಗಿ ಕಟ್ಟುತ್ತದಂತೆ. ಹತ್ತಿರದಲ್ಲೇ ಇದ್ದ ಅವರ ಹೆಂಡತಿ "ಮೆಕ್ಯಾನಿಕ್ ಕರೆಸುವುದಾ?" ಅಂತ ಕೇಳಿದರು. "ಸ್ವಲ್ಪ ನಿಲ್ಲು ಮಾರಾಯ್ತಿ. ಮಗಾ, ಮೊದಲು ಪ್ಲಗ್ ತೆಗಿ. ತೆಗ್ದೆಯಾ? ಈಗ ಪೇಪರಿನ ಒಂದು ಚೂರು ಬಾಗಿಲ ಸಂದಿಗೆ ಇಡು. ಬಾಗಿಲು ಹಾಕು. ಎಳಿ."

"ಬಂತಪ್ಪಾ, ಸುಮ್ಮನೆ ಬಂತು."

"ಕೆಳಗೆ ಇಟ್ಟು ಎಳಿ."

"ಇಲ್ಲಿ ಬಿಗಿ ಉಂಟು."

"ಹಾಗಾದ್ರೆ ಯಾವುದು ಹಾಳಾಗಿದೆ ಹೇಳು ಕಾಂಬ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪರದೆಯ ಮೇಲೆ ಹುಡುಗನ ಬೆರಳು ಬಾಗಿಲಿನ ರಬ್ಬರಿನ ಮೇಲೆ ಹೋಗುತ್ತಿತ್ತು. "ಮೇಲಿನ ಮೂಲೆಯಲ್ಲಿ ಈ ರಬ್ಬರ್ ಎದ್ದಿದೆಯಪ್ಪಾ. ಗಾಳಿ ಒಳಗೆ ಹೋಗ್ತಾ ಉಂಟು, ಅದಕ್ಕೇ ಐಸು."

ಅಪ್ಪ ನಮ್ಮ ಕಡೆ ನೋಡಲಿಲ್ಲ. ಫೋನಿಗೆ ಇನ್ನೂ ಹತ್ತಿರ ಬಗ್ಗಿ, "ಬಿಸಿ ನೀರಲ್ಲಿ ಬಟ್ಟೆ ಅದ್ದಿ ಆ ರಬ್ಬರಿಗೆ ಒತ್ತಿ ಹಿಡಿ. ಮೆತ್ತಗಾದ ಮೇಲೆ ಕೈಯಲ್ಲಿ ಸರಿ ಮಾಡು. ಬಾಗಿಲು ಹಾಕಿ ಇನ್ನೊಮ್ಮೆ ಪೇಪರ್ ಇಟ್ಟು ನೋಡು" ಅಂದರು. ಅಂಗೈ ಸುಡದ ಹಾಗೆ ಬಟ್ಟೆ ಹೇಗೆ ಮಡಚಬೇಕು ಅಂತ ನಮ್ಮ ಚಾಪೆಯ ಮೇಲಿದ್ದ ಟವೆಲು ತೆಗೆದು ತೋರಿಸಿದರು. ಕಾಲ್ ಮುಗಿಯುವಾಗ ಇಪ್ಪತ್ತು ನಿಮಿಷ ಆಗಿತ್ತು. ಐಟಿಐ ಅರ್ಜಿಗೆ ಯಾವ ಯಾವ ಕಾಗದ ಬೇಕಾಗ್ತದೆ ಅಂತ ಏಳುವಾಗ ಕೇಳಿದರು. ಬರೆದುಕೊಟ್ಟೆವು.